ಉಪಕರಣ ಕಟ್ಟುವ ಮುಂಚೆ ಮಿದುಳನ್ನು ಕೇಳಿ

ಮಿದುಳು, ತಂತ್ರಜ್ಞಾನ ಎಂದ ಕೂಡಲೇ ಹೆಚ್ಚಿನವರ ಕಣ್ಣ ಮುಂದೆ ಬರುವುದು ತಲೆಗೆ ವೈರ್ ಸಿಕ್ಕಿಸಿಕೊಂಡ ಮನುಷ್ಯನ ಚಿತ್ರ. ಮನಸ್ಸಿನಲ್ಲಿರುವುದನ್ನೆಲ್ಲ ಕಂಪ್ಯೂಟರ್ ಓದಿಬಿಡುತ್ತದೆ ಎಂಬ ಬೆರಗು, ಜೊತೆಗೆ ಒಂದಿಷ್ಟು ಭಯ. ಅದನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ಈಗಾಗಲೇ ಲಕ್ಷಾಂತರ ಜನರ ಬದುಕಿಗೆ ಒದಗಿರುವ ಒಂದು ಸಾಧನದಿಂದ ಶುರು ಮಾಡುತ್ತೇನೆ. ಅದು ಯಾಕೆ ಗೆದ್ದಿತು ಅಂತ ಗೊತ್ತಾದರೆ, ಅದರ ಹಾಗೇ ಕಾಣುವ ಬೇರೆ ಕೆಲವು ಯಾಕೆ ಸೋತವು ಎಂಬುದೂ ತಿಳಿಯುತ್ತದೆ.

ಕಿವುಡುತನಕ್ಕೆ ಹಾಕುವ ಕಾಕ್ಲಿಯರ್ ಇಂಪ್ಲಾಂಟ್ ಹೆಸರು ನೀವು ಕೇಳಿರುತ್ತೀರಿ. ಒಳಕಿವಿಯಲ್ಲಿ ಕಾಕ್ಲಿಯಾ ಅಂತ ಒಂದು ಭಾಗ ಇದೆ. ಬಸವನಹುಳುವಿನ ಚಿಪ್ಪಿನ ಹಾಗೆ ಸುರುಳಿ ಸುತ್ತಿಕೊಂಡಿರುತ್ತದೆ. ಅದರ ಉದ್ದಕ್ಕೂ ಸೂಕ್ಷ್ಮವಾದ ರೋಮಕೋಶಗಳಿವೆ. ಶಬ್ದದ ಸುದ್ದಿಯನ್ನು ನರಕ್ಕೆ ದಾಟಿಸುವ ಮುಖ್ಯ ಕೋಶಗಳೇ ಒಂದೊಂದು ಕಿವಿಯಲ್ಲಿ ಸುಮಾರು 3,500. ಸುರುಳಿಯ ಬುಡದಲ್ಲಿರುವ ಕೋಶಗಳು ಏರು ಸ್ವರಕ್ಕೆ ಮಿಡಿಯುತ್ತವೆ, ತುದಿಯಲ್ಲಿರುವವು ತಗ್ಗು ಸ್ವರಕ್ಕೆ. ಯಾವ ಜಾಗ ಅಲುಗಿತು ಎಂಬುದರಿಂದಲೇ ಯಾವ ಸ್ವರ ಎಂದು ಮಿದುಳು ತಿಳಿದುಕೊಳ್ಳುತ್ತದೆ. ಕಿವಿಯ ಒಳಗೆ ಈ ಅಲೆ ಹೇಗೆ ಸಾಗುತ್ತದೆ ಎಂದು ತೋರಿಸಿಕೊಟ್ಟ ಗೇಯಾರ್ಗ್ ಫಾನ್ ಬೇಕೇಶಿಗೆ 1961ರಲ್ಲಿ ನೊಬೆಲ್ ಬಂತು.

ತೀವ್ರ ಕಿವುಡುತನದಲ್ಲಿ ಹೆಚ್ಚಾಗಿ ಹಾಳಾಗುವುದು ಈ ರೋಮಕೋಶಗಳು. ಅವುಗಳ ಹಿಂದಿನ ನರ ಎಷ್ಟೋ ಜನರಲ್ಲಿ ಬದುಕಿಯೇ ಇರುತ್ತದೆ. ಹಾಗಾದರೆ ನರಕ್ಕೇ ನೇರವಾಗಿ ವಿದ್ಯುತ್ ಮಿಡಿತ ಕೊಟ್ಟರೆ ಹೇಗೆ? 1957ರಲ್ಲಿ ಪ್ಯಾರಿಸ್‌ನಲ್ಲಿ ಆಂಡ್ರೆ ಜೂರ್ನೊ ಮತ್ತು ಶಾರ್ಲ್ ಎರಿಯೆಸ್ ಒಂದು ತಂತಿ ಇಟ್ಟು ನೋಡಿದರು. ಏನೋ ಕೇಳಿಸಿತು. ಲಯ ಗೊತ್ತಾಯಿತು, ಮಾತು ಮಾತ್ರ ಅರ್ಥವಾಗಲಿಲ್ಲ. ಆಮೇಲಿನ ವರ್ಷಗಳಲ್ಲಿ ಕಿವಿಯ ಬಗ್ಗೆ ಚೆನ್ನಾಗಿ ತಿಳಿದವರೇ ಇದು ಆಗದ ಕೆಲಸ ಅಂದರು. ಅವರ ವಾದ ಸರಿಯಾಗೇ ಇತ್ತು: ಮೂರೂವರೆ ಸಾವಿರ ಕೋಶಗಳ ಕೆಲಸವನ್ನು ಒಂದೆರಡು ಡಜನ್ ತಂತಿಗಳು ಹೇಗೆ ಮಾಡಿಯಾವು?

ಆ ವಾದದಲ್ಲಿ ಒಂದು ಪ್ರಶ್ನೆ ಬಿಟ್ಟುಹೋಗಿತ್ತು. ಮಾತು ಅರ್ಥವಾಗಲು ಮಿದುಳಿಗೆ ನಿಜವಾಗಿ ಎಷ್ಟು ಸುದ್ದಿ ಬೇಕು?

1995ರಲ್ಲಿ ರಾಬರ್ಟ್ ಶ್ಯಾನನ್ ಮತ್ತು ಅವರ ಜೊತೆಯವರು ಇದನ್ನೇ ಪರೀಕ್ಷೆ ಮಾಡಿದರು. ಕಿವಿ ಚೆನ್ನಾಗಿರುವವರಿಗೆ ಮಾತನ್ನು ಕೆಡಿಸಿ ಕೇಳಿಸಿದರು. ಇಡೀ ದನಿಯನ್ನು ತಗ್ಗು ಸ್ವರದಿಂದ ಏರು ಸ್ವರದವರೆಗೆ ನಾಲ್ಕೇ ಪಟ್ಟಿಗಳಾಗಿ ಸೀಳಿ, ಒಂದೊಂದು ಪಟ್ಟಿಯಲ್ಲೂ ಸದ್ದು ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದನ್ನಷ್ಟೇ ಉಳಿಸಿಕೊಂಡರು. ಸ್ವರದ ಸೂಕ್ಷ್ಮ ವಿವರವೆಲ್ಲ ಹೋಗಿ, ಅದರ ಜಾಗದಲ್ಲಿ ಬರೀ ಗೊರಗೊರ ಸದ್ದು ಉಳಿಯಿತು. ಮೊದಲ ಸಲ ಕೇಳಿದವರಿಗೆ ಅದು ಮನುಷ್ಯರ ಮಾತು ಅನ್ನಿಸುವುದೇ ಕಷ್ಟ. ಸ್ವಲ್ಪ ಅಭ್ಯಾಸವಾಗಲಿ, ವಾಕ್ಯಗಳು ಹೆಚ್ಚುಕಮ್ಮಿ ಪೂರ್ತಿ ಅರ್ಥವಾಗುತ್ತವೆ. ನಾಲ್ಕು ಪಟ್ಟಿ ಸಾಕಾಯಿತು! ಉಳಿದದ್ದನ್ನು ಮಿದುಳೇ ತುಂಬಿಕೊಂಡಿತು. ಈ ಪ್ರಯೋಗ ನನಗೆ ತುಂಬ ಇಷ್ಟ, ಯಾಕೆಂದರೆ ಇದರಲ್ಲಿ ಹೊಸ ಯಂತ್ರ ಏನೂ ಇಲ್ಲ. ಮಿದುಳಿಗೆ ಒಂದು ನೇರ ಪ್ರಶ್ನೆ ಕೇಳಿದ್ದಾರೆ ಅಷ್ಟೇ.

ಅದಕ್ಕೂ ಮೊದಲೇ ಇನ್ನೊಂದು ತೊಡಕು ಬಿಡಿಸಿಯಾಗಿತ್ತು. ಕಾಕ್ಲಿಯಾದ ಒಳಗಿರುವುದು ದ್ರವ. ಎಲ್ಲ ಎಲೆಕ್ಟ್ರೋಡ್‌ಗಳಿಗೂ (ವಿದ್ಯುತ್ ಮುಟ್ಟಿಸುವ ತಂತಿಯ ತುದಿಗಳಿಗೂ) ಒಟ್ಟಿಗೆ ವಿದ್ಯುತ್ ಕೊಟ್ಟರೆ ಒಂದರದ್ದು ಇನ್ನೊಂದಕ್ಕೆ ಬೆರೆತು ಎಲ್ಲ ಕಲಸಿಹೋಗುತ್ತದೆ. 1991ರಲ್ಲಿ ಬ್ಲೇಕ್ ವಿಲ್ಸನ್ ತಂಡ ಮಿಡಿತಗಳನ್ನು ಒಂದರ ನಂತರ ಒಂದರಂತೆ, ಬಹಳ ವೇಗವಾಗಿ, ಸರದಿಯಲ್ಲಿ ಕೊಡುವ ಕ್ರಮ ತಂದಿತು. ಮಾತು ತಿಳಿಯಾಯಿತು. ಈಗಿನ ಸಾಧನಗಳಲ್ಲಿ ಸಾಮಾನ್ಯವಾಗಿ 12ರಿಂದ 22 ಎಲೆಕ್ಟ್ರೋಡ್‌ಗಳು ಇರುತ್ತವೆ. ಅಷ್ಟರಲ್ಲೇ ಎಷ್ಟೋ ಜನ ಫೋನಿನಲ್ಲಿ ಮಾತಾಡುತ್ತಾರೆ. ಈಗಿನ ಇಂಪ್ಲಾಂಟನ್ನು ರೂಪಿಸಿದ್ದಕ್ಕಾಗಿ ವಿಲ್ಸನ್, ಗ್ರೇಮ್ ಕ್ಲಾರ್ಕ್ ಮತ್ತು ಇಂಗೆಬೋರ್ಗ್ ಹೋಖ್ಮಾಯರ್ ಮೂವರಿಗೂ 2013ರಲ್ಲಿ ವೈದ್ಯವಿಜ್ಞಾನದ ಲಾಸ್ಕರ್ ಪ್ರಶಸ್ತಿ ಬಂತು.

ಸಂಗೀತದ ವಿಷಯಕ್ಕೆ ಬಂದರೆ ಕಥೆಯೇ ಬೇರೆ. ಮಾತಿಗೆ ಬೇಡ ಅಂತ ಬಿಟ್ಟ ಸೂಕ್ಷ್ಮ ವಿವರದಲ್ಲೇ ಸಂಗೀತದ ಜೀವ ಇರುವುದು. ಹಾಗಾಗಿ ಇಂಪ್ಲಾಂಟ್ ಹಾಕಿಸಿಕೊಂಡವರಲ್ಲಿ ಅನೇಕರಿಗೆ ತಾಳ ಚೆನ್ನಾಗಿ ಸಿಗುತ್ತದೆ, ಸ್ವರ ಸಿಗುವುದಿಲ್ಲ. ಅಂಥವರು ನಿಮ್ಮ ಜೊತೆ ಕೂತು ಹಾಡು ಕೇಳಲು ಹಿಂಜರಿದರೆ ಸುಮ್ನೆ ಒತ್ತಾಯ ಮಾಡಬೇಡಿ.

ಇನ್ನು ವಯಸ್ಸಿನ ಮಾತು. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಹುಟ್ಟಿದ ಮೊದಲ ಕೆಲವು ತಿಂಗಳು ಮುಚ್ಚಿಟ್ಟು, ಆಮೇಲೆ ತೆರೆದು ನೋಡಿದ್ದರು. ಕಣ್ಣು ಸರಿಯಾಗೇ ಇತ್ತು, ಆದರೆ ಆ ಕಣ್ಣಿನಿಂದ ಮರಿಗೆ ಕಾಣಿಸುತ್ತಿರಲಿಲ್ಲ. ಆ ಕಣ್ಣಿಗೆ ಸೇರಬೇಕಾದ ಮಿದುಳಿನ ಜಾಗವನ್ನು ಇನ್ನೊಂದು ಕಣ್ಣು ಆಕ್ರಮಿಸಿಕೊಂಡಿತ್ತು. 1981ರಲ್ಲಿ ಅವರಿಬ್ಬರಿಗೂ ನೊಬೆಲ್ ಬಂತು. ಮಕ್ಕಳ ಕಣ್ಣಿನ ಪೊರೆಯನ್ನು ತಡಮಾಡದೆ ತೆಗೆಯಬೇಕು ಎಂದು ವೈದ್ಯರು ಅವಸರ ಮಾಡುವುದರ ಹಿಂದೆ ಈ ತಿಳಿವಳಿಕೆಯಿದೆ. ಕಿವಿಯದ್ದೂ ಹೀಗೇ. ಹುಟ್ಟು ಕಿವುಡಿರುವ ಮಗುವಿಗೆ ಮೂರೂವರೆ ವರ್ಷದ ಒಳಗೆ ಇಂಪ್ಲಾಂಟ್ ಹಾಕಿದರೆ ಮಿದುಳು ಶಬ್ದಕ್ಕೆ ಪ್ರತಿಕ್ರಿಯಿಸುವ ರೀತಿ ಕೆಲವೇ ತಿಂಗಳಲ್ಲಿ ವಯಸ್ಸಿಗೆ ತಕ್ಕ ಹಾಗೆ ಆಗುತ್ತದೆ, ಏಳು ವರ್ಷ ದಾಟಿದ ಮೇಲೆ ಹಾಕಿದರೆ ಹಾಗೆ ಆಗುವುದು ಅಪರೂಪ ಎಂದು ಅನು ಶರ್ಮಾ ಅವರ ತಂಡ 2002ರಲ್ಲಿ ತೋರಿಸಿತು. ಸಾಧನ ಅದೇ, ಶಸ್ತ್ರಚಿಕಿತ್ಸೆಯೂ ಅದೇ. ಹಾಗಾಗಿ ಹುಟ್ಟಿದ ಕೂಡಲೇ ಕಿವಿ ಪರೀಕ್ಷೆ ಮಾಡುವುದು ಇಂಪ್ಲಾಂಟಿನಷ್ಟೇ ಮುಖ್ಯವಾದ ತಂತ್ರಜ್ಞಾನ.

ಒಂದು ಮಾತು ಸೇರಿಸಲೇಬೇಕು. ಮಿದುಳು ಕಾಯುವುದು ಭಾಷೆಗಾಗಿ. ಅದು ಕಿವಿಯಿಂದ ಬಂದರೂ ಸರಿ, ಕಣ್ಣಿನಿಂದ ಬಂದರೂ ಸರಿ. ಸನ್ನೆ ಭಾಷೆ ಪೂರ್ತಿ ಭಾಷೆ, ಅದಕ್ಕೆ ತನ್ನದೇ ವ್ಯಾಕರಣ ಇದೆ. ಇಂಪ್ಲಾಂಟ್ ಹಾಕಿಸುತ್ತೇವೆ, ಆದ್ದರಿಂದ ಸನ್ನೆ ಭಾಷೆ ಬೇಡ ಎಂದು ಮಗುವನ್ನು ವರ್ಷಗಟ್ಟಲೆ ಯಾವ ಭಾಷೆಯೂ ಇಲ್ಲದೆ ಇರಿಸುವುದು ನನ್ನ ದೃಷ್ಟಿಯಲ್ಲಿ ದೊಡ್ಡ ಅನ್ಯಾಯ.

ಈಗ ಕಣ್ಣಿಗೆ ಬರೋಣ. ಕಿವಿಯಲ್ಲಿ ಗೆದ್ದ ಉಪಾಯ ಕಣ್ಣಿನಲ್ಲೂ ಗೆಲ್ಲಬೇಕಲ್ವಾ? ಆರ್ಗಸ್ 2 ಎಂಬ ಸಾಧನ ಬಂತು. ಯುರೋಪಿನಲ್ಲಿ 2011ರಲ್ಲಿ, ಅಮೆರಿಕದಲ್ಲಿ 2013ರಲ್ಲಿ ಅನುಮತಿ ಸಿಕ್ಕಿತು. ಕನ್ನಡಕದ ಮೇಲೊಂದು ಕ್ಯಾಮೆರಾ, ಕಣ್ಣಿನ ಹಿಂಬದಿಯ ಪದರವಾದ ರೆಟಿನಾದ ಮೇಲೆ 60 ಎಲೆಕ್ಟ್ರೋಡ್. ಇಂಪ್ಲಾಂಟಿನ 22ಕ್ಕೆ ಹೋಲಿಸಿದರೆ ಇದು ಜಾಸ್ತಿಯೇ. ಆದರೂ ಹಾಕಿಸಿಕೊಂಡವರಿಗೆ ಕಂಡದ್ದು ಬೆಳಕಿನ ಚುಕ್ಕೆ, ಗೆರೆ, ಬಾಗಿಲಿನ ಅಂಚು, ಅಷ್ಟು.

ಕಾರಣ ರೆಟಿನಾದಲ್ಲಿದೆ. ರೆಟಿನಾ ಕ್ಯಾಮೆರಾದ ಸೆನ್ಸರ್ ಅಲ್ಲ, ಅದು ಮಿದುಳಿನದೇ ಒಂದು ತುಂಡು. ಬೆಳಕನ್ನು ಹಿಡಿಯುವ ಕೋಶಗಳು ಹತ್ತು ಕೋಟಿಗಿಂತ ಜಾಸ್ತಿ, ಮಿದುಳಿಗೆ ಹೋಗುವ ನರತಂತುಗಳು ಹತ್ತು ಲಕ್ಷದ ಆಸುಪಾಸು. ಅಂದರೆ ಮಿದುಳಿಗೆ ತಲುಪುವ ಮುಂಚೆಯೇ ರೆಟಿನಾ ಲೆಕ್ಕಾಚಾರ ಮುಗಿಸಿ ಸಾರ ಹಿಂಡಿರುತ್ತದೆ. ಅದರ ಕೊನೆಯ ಸಾಲಿನ ಕೋಶಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಗೆಗಳಿವೆ. ಬೆಳಕು ಹೆಚ್ಚಾದರೆ ಒಂದು ಬಗೆ ಮಿಡಿಯುತ್ತದೆ, ಕಡಿಮೆಯಾದರೆ ಇನ್ನೊಂದು, ಏನಾದರೂ ಚಲಿಸಿದರೆ ಮತ್ತೊಂದು. ಎಲ್ಲವೂ ಅಕ್ಕಪಕ್ಕದಲ್ಲೇ ಇರುತ್ತವೆ. ಅಲ್ಲಿ ಒಂದು ಎಲೆಕ್ಟ್ರೋಡ್ ವಿದ್ಯುತ್ ಬಿಟ್ಟರೆ ಎಲ್ಲ ಬಗೆಯೂ ಒಟ್ಟಿಗೆ ಮಿಡಿದುಬಿಡುತ್ತವೆ. 'ಬೆಳಕಾಯಿತು' ಮತ್ತು 'ಕತ್ತಲಾಯಿತು' ಎರಡೂ ಒಂದೇ ಕ್ಷಣದಲ್ಲಿ ಮಿದುಳಿಗೆ ತಲುಪುತ್ತವೆ. ಜೊತೆಗೆ ದೂರದ ಕೋಶಗಳ ತಂತುಗಳು ಅದೇ ಜಾಗದ ಮೇಲೆ ಹಾದುಹೋಗುತ್ತವೆ, ಅವೂ ಮಿಡಿಯುತ್ತವೆ. ಹಾಗಾಗಿ ಚುಕ್ಕೆ ಕಾಣಬೇಕಾದ ಕಡೆ ಉದ್ದ ಗೆರೆ ಕಾಣುತ್ತದೆ. ಎಲೆಕ್ಟ್ರೋಡ್ 60ರಿಂದ 600 ಮಾಡಿದರೂ ಈ ಗೊಂದಲ ತಾನಾಗಿ ಹೋಗುವುದಿಲ್ಲ. ಯಾವ ಕೋಶಕ್ಕೆ ಯಾವ ಮಾತು ಎಂಬುದು ಗೊತ್ತಾಗಬೇಕು. ಕೋಶಗಳಿಗೆ ಬೆಳಕಿಗೆ ಮಿಡಿಯುವ ಜೀನ್ ಸೇರಿಸುವ ದಾರಿಯಲ್ಲಿ ಈಗ ಕೆಲಸ ನಡೆಯುತ್ತಿದೆ. 2021ರಲ್ಲಿ ಆ ದಾರಿಯಿಂದ ಒಬ್ಬ ಕುರುಡ ವ್ಯಕ್ತಿಗೆ ವಿಶೇಷ ಕನ್ನಡಕ ಹಾಕಿದಾಗ ಮೇಜಿನ ಮೇಲಿನ ವಸ್ತುಗಳು ಎಲ್ಲಿವೆ ಎಂದು ಗುರುತಿಸುವಷ್ಟು ನೋಟ ಬಂತು.

ಆರ್ಗಸ್ ಕಥೆಯಲ್ಲಿ ಇನ್ನೊಂದು ನೋವಿನ ಭಾಗ ಇದೆ. ಅದನ್ನು ಕೊನೆಗೆ ಹೇಳುತ್ತೇನೆ.

ಈಗ ನೀವೆಲ್ಲ ಒಂದು ಕೆಲಸ ಮಾಡಿ. ಕಣ್ಣು ಮುಚ್ಚಿ. ಬೆರಳು ಅಲುಗಿಸಬೇಡಿ. ಮನಸ್ಸಿನಲ್ಲೇ ಪೆನ್ ಹಿಡಿದು ನಿಮ್ಮ ಹೆಸರಿನ ಮೊದಲ ಅಕ್ಷರ ಬರೆಯಿರಿ. ಆಯಿತಾ? ಆ ಅಕ್ಷರದ ತಿರುವು, ಕೊಂಬು, ಸುತ್ತು ಎಲ್ಲ ಮನಸ್ಸಿಗೆ ಬಂತು. ಕಣ್ಣು ತೆರೆಯಿರಿ.

ಬೆನ್ನುಹುರಿಗೆ ಪೆಟ್ಟು ಬಿದ್ದು 2007ರಿಂದ ಕೈ ಅಲುಗಿಸಲಾಗದ ಒಬ್ಬರು ಇದನ್ನೇ ಮಾಡಿದರು. ಸ್ಟ್ಯಾನ್‌ಫರ್ಡ್‌ನ ತಂಡ ಅವರ ಮಿದುಳಿನಲ್ಲಿ ಕೈಯನ್ನು ನಡೆಸುವ ಜಾಗದ ಮೇಲೆ ಎರಡು ಪುಟ್ಟ ಚಿಪ್ ಇಟ್ಟಿತ್ತು. ಅವರು ಬರೆಯಲು ಪ್ರಯತ್ನಿಸಿದಾಗ ಕಂಪ್ಯೂಟರ್ ಪರದೆಯ ಮೇಲೆ ಅಕ್ಷರ ಮೂಡಿತು. ನಿಮಿಷಕ್ಕೆ 90 ಅಕ್ಷರ. ಅವರ ವಯಸ್ಸಿನವರು ಫೋನಿನಲ್ಲಿ ಟೈಪ್ ಮಾಡುವುದೇ ನಿಮಿಷಕ್ಕೆ 115ರಷ್ಟು. ಇದು ಪ್ರಕಟವಾದದ್ದು 2021ರಲ್ಲಿ.

ಈ ಕಡೆಗೆ ಬಂದ ದಾರಿ ನೋಡಿ. 1980ರ ದಶಕದಲ್ಲಿ ಅಪೊಸ್ತೊಲೊಸ್ ಜಾರ್ಗೊಪೌಲಸ್ ಕೋತಿಗಳ ಮಿದುಳಿನಲ್ಲಿ ಒಂದು ವಿಷಯ ಕಂಡುಕೊಂಡಿದ್ದರು. ಕೈ ನಡೆಸುವ ಒಂದೊಂದು ನರಕೋಶಕ್ಕೂ ತನಗೆ ಇಷ್ಟವಾದ ಒಂದು ದಿಕ್ಕಿದೆ. ಕೈ ಆ ಕಡೆ ಹೊರಟರೆ ಜೋರಾಗಿ ಮಿಡಿಯುತ್ತದೆ, ಬೇರೆ ಕಡೆ ಹೊರಟರೆ ಕಡಿಮೆ. ಒಂದೇ ಕೋಶವನ್ನು ನಂಬಿದರೆ ಏನೂ ತಿಳಿಯದು. ನೂರಾರು ಕೋಶಗಳ ಮಿಡಿತ ಸೇರಿಸಿ ನೋಡಿದರೆ ಕೈ ಎತ್ತ ಹೊರಟಿದೆ ಅಂತ ಹೇಳಬಹುದು. ಇದರ ಮೇಲೆಯೇ ಪರದೆಯ ಬಾಣವನ್ನು ಮನಸ್ಸಿನಿಂದ ಸರಿಸುವ ಸಾಧನಗಳು ಬಂದವು. ಬಾಣ ಸರಿಸಿ ಒಂದೊಂದೇ ಅಕ್ಷರ ಒತ್ತಿದಾಗ ಸಿಕ್ಕ ಅತ್ಯುತ್ತಮ ವೇಗ ನಿಮಿಷಕ್ಕೆ ಸುಮಾರು 40 ಅಕ್ಷರ.

ಅದು 90ಕ್ಕೆ ಏರಿದ್ದು ಹೇಗೆ? ನೇರ ಗೆರೆಯಲ್ಲಿ ಬಾಣ ಸರಿಸುವಾಗ ಒಂದು ಕೀಲಿಯ ಕಡೆ ಹೋಗುವ ಚಲನೆಗೂ ಪಕ್ಕದ ಕೀಲಿಯ ಕಡೆ ಹೋಗುವುದಕ್ಕೂ ಮಿದುಳಿನಲ್ಲಿ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಅಕ್ಷರ ಬರೆಯುವಾಗ ಹಾಗಲ್ಲ. ಒಂದೊಂದರ ತಿರುವೂ ಬೇರೆ, ವೇಗದ ಏರಿಳಿತವೂ ಬೇರೆ, ಆದ್ದರಿಂದ ಮಿಡಿತದ ಮಾದರಿಯೂ ಬೇರೆ. ಬಳಕೆದಾರರು ಚಿಕ್ಕಂದಿನಿಂದ ಕಲಿತಿದ್ದ ಕೌಶಲ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕೈ ಕೆಲಸ ಮಾಡದಿದ್ದರೂ ಮಿದುಳಿನಲ್ಲಿ ಹಾಗೇ ಕೂತಿತ್ತು. ಹೊಸದನ್ನು ಕಲಿಸುವ ಬದಲು ಅದನ್ನೇ ಬಳಸಿಕೊಂಡರು.

ಮಾತಿನ ವಿಷಯದಲ್ಲಿ ಇನ್ನೂ ಸೋಜಿಗ. 1861ರಲ್ಲಿ ಪಾಲ್ ಬ್ರೋಕಾ ಮಾತು ನಿಂತುಹೋದ ರೋಗಿಯ ಮಿದುಳಿನಲ್ಲಿ ಹಾನಿಯಾದ ಜಾಗ ತೋರಿಸಿದ ಮೇಲೆ, ಪಠ್ಯಪುಸ್ತಕಗಳಲ್ಲೆಲ್ಲ ಮಾತು ಹುಟ್ಟುವ ಜಾಗ ಅದೇ ಎಂದಾಯಿತು. ಮಾತನ್ನು ಓದುವ ಸಾಧನಕ್ಕೆ ಎಲೆಕ್ಟ್ರೋಡ್ ಅಲ್ಲೇ ಇಡಬೇಕು ಅನ್ನಿಸುತ್ತದೆ, ಅಲ್ವಾ? 2023ರಲ್ಲಿ ಸ್ಟ್ಯಾನ್‌ಫರ್ಡ್ ತಂಡ ಎಎಲ್‌ಎಸ್ (ಸ್ನಾಯುಗಳನ್ನು ನಡೆಸುವ ನರಗಳು ಕ್ರಮೇಣ ಸಾಯುವ ಕಾಯಿಲೆ) ಬಂದು ಮಾತು ಕಳೆದುಕೊಂಡ ಒಬ್ಬರಲ್ಲಿ ಅಲ್ಲೂ, ಬಾಯಿಯ ಚಲನೆ ನಡೆಸುವ ಜಾಗದಲ್ಲೂ ಇಟ್ಟು ನೋಡಿತು. ಬ್ರೋಕಾ ಪ್ರದೇಶಕ್ಕೆ ಸೇರಿದ ಜಾಗದಿಂದ ಉಪಯೋಗಕ್ಕೆ ಬರುವ ಸುದ್ದಿ ಬಹಳ ಕಡಿಮೆ. ತುಟಿ, ನಾಲಗೆ, ದವಡೆ, ಗಂಟಲನ್ನು ನಡೆಸುವ ಜಾಗದಿಂದ ಧಾರಾಳವಾಗಿ ಬಂತು. ನಿಮಿಷಕ್ಕೆ 62 ಪದ. ಅದೇ ವರ್ಷ ಎಡ್ವರ್ಡ್ ಚಾಂಗ್ ತಂಡ ಇನ್ನೊಬ್ಬರಲ್ಲಿ 78 ಪದ ತಲುಪಿತು. ಎರಡರಲ್ಲೂ ನಾಲ್ಕರಲ್ಲಿ ಒಂದು ಪದದಷ್ಟು ತಪ್ಪಾಗುತ್ತಿತ್ತು. 2024ರಲ್ಲಿ ಅಮೆರಿಕದ ಯುಸಿ ಡೇವಿಸ್ ವಿಶ್ವವಿದ್ಯಾಲಯದ ತಂಡದ ಸಾಧನದಲ್ಲಿ ನೂರಕ್ಕೆ 97 ಪದ ಸರಿ ಬಂದವು. ಅದು ಓದಿ ಹೇಳುವ ದನಿಯನ್ನು ಆ ವ್ಯಕ್ತಿಯ ಹಳೆಯ ರೆಕಾರ್ಡಿಂಗ್‌ಗಳಿಂದಲೇ ಕಟ್ಟಿದ್ದರು, ಕಾಯಿಲೆ ಬರುವ ಮುಂಚಿನ ಅವರದೇ ದನಿ.

ಮೊದಲಿಗೆ ಹೇಳಿದ ಭಯ ಇಲ್ಲಿ ಮತ್ತೆ ಬರುತ್ತದೆ. ಗಟ್ಟಿಯಾಗಿ ಹೇಳಲು ಬಯಸದ ಮಾತನ್ನೂ ಯಂತ್ರ ಓದಿಬಿಟ್ಟರೆ? ಈ ಸಾಧನಗಳು ಓದುವುದು ಮಾತಾಡಲು ಮಾಡುವ ಪ್ರಯತ್ನವನ್ನು. ಆದರೆ ಮನಸ್ಸಿನಲ್ಲೇ ಆಡಿಕೊಳ್ಳುವ ಮಾತಿನ ಮಿಡಿತವೂ ಅದೇ ಜಾಗದಲ್ಲಿ, ಅದೇ ಮಾದರಿಯಲ್ಲಿ, ಮೆಲ್ಲಗೆ ಇರುತ್ತದೆ ಎಂದು 2025ರಲ್ಲಿ ಗೊತ್ತಾಯಿತು. ಅದನ್ನು ಕಂಡುಕೊಂಡ ತಂಡವೇ ಬೀಗವನ್ನೂ ಕಟ್ಟಿತು. ಬಳಕೆದಾರರು ಮನಸ್ಸಿನಲ್ಲಿ ಒಂದು ಗುಟ್ಟಿನ ಪದಗುಚ್ಛ ಅಂದುಕೊಂಡರೆ ಮಾತ್ರ ಸಾಧನ ಓದಲು ಶುರು ಮಾಡುತ್ತದೆ. ಚಿಲಿ ದೇಶ 2021ರಲ್ಲೇ ಮಿದುಳಿನ ಮಾಹಿತಿಗೆ ರಕ್ಷಣೆ ಕೊಡಲು ಸಂವಿಧಾನ ತಿದ್ದಿತು. ಬೇರೆ ದೇಶಗಳು ತಡಮಾಡುತ್ತಿರುವುದು ಸರಿಯಲ್ಲ.

ರೋಬಾಟ್ ಕೈಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಮನಸ್ಸಿನಿಂದ ನಡೆಸುವ ರೋಬಾಟ್ ಕೈ ತುಂಬಾ ದಿನ ತಡಬಡಿಸುತ್ತಿತ್ತು. ಎಂಜಿನಿಯರುಗಳು ಮೋಟಾರು ಸುಧಾರಿಸಿದರು, ಲೆಕ್ಕ ಸುಧಾರಿಸಿದರು. 2021ರಲ್ಲಿ ಪಿಟ್ಸ್‌ಬರ್ಗ್‌ನ ತಂಡ ಮಿದುಳಿಗೆ ಸ್ಪರ್ಶವನ್ನು ವಾಪಸ್ ಕೊಟ್ಟಿತು. ರೋಬಾಟ್ ಬೆರಳು ವಸ್ತುವಿಗೆ ತಾಗಿದಾಗ ಮಿದುಳಿನ ಸ್ಪರ್ಶದ ಜಾಗಕ್ಕೆ ಸಣ್ಣ ಮಿಡಿತ ಹೋಗುತ್ತಿತ್ತು. ವಸ್ತು ಎತ್ತಿ ಇಡಲು ಬೇಕಾಗಿದ್ದ ಸಮಯ ಸುಮಾರು 21 ಸೆಕೆಂಡಿನಿಂದ 10ಕ್ಕೆ ಇಳಿಯಿತು. ಕೈ ಅದೇ, ಬದಲಾಗಿದ್ದು ವಾಪಸ್ ಬರುವ ಸುದ್ದಿ ಮಾತ್ರ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಶಸ್ತ್ರಚಿಕಿತ್ಸೆ, ಚಿಪ್, ದುಬಾರಿ ಯಂತ್ರ. ಮಿದುಳು ಗೊತ್ತಿದ್ದರೆ ಒಂದು ಕೈಗವಸು ಕೂಡ ತಂತ್ರಜ್ಞಾನ ಆಗುತ್ತದೆ. ಎಡ್ವರ್ಡ್ ಟಾಬ್ ಒಂದು ಕೈಯ ಸ್ಪರ್ಶದ ನರ ಕತ್ತರಿಸಿದ ಕೋತಿಗಳನ್ನು ಗಮನಿಸಿದರು. ಅಲುಗಿಸುವ ನರ ಸರಿಯಿದ್ದರೂ ಕೋತಿ ಆ ಕೈ ಬಳಸುತ್ತಿರಲಿಲ್ಲ. ಶುರುವಿನಲ್ಲಿ ಪ್ರಯತ್ನಪಟ್ಟು ಸೋತು, 'ಇದು ಆಗದು' ಅಂತ ಕಲಿತುಬಿಟ್ಟಿತ್ತು. ಚೆನ್ನಾಗಿರುವ ಕೈಯನ್ನು ಕಟ್ಟಿಹಾಕಿದರೆ ಬಿಟ್ಟ ಕೈಯನ್ನು ಮತ್ತೆ ಬಳಸತೊಡಗಿತು. ಲಕ್ವ ಹೊಡೆದವರಲ್ಲೂ ಹೀಗೇ ಆಗಿರಬಹುದೇ? ಎಚ್ಚರವಿರುವ ಹೊತ್ತಿನಲ್ಲಿ ಹೆಚ್ಚಿನ ಸಮಯ ಒಳ್ಳೆಯ ಕೈಗೆ ದಪ್ಪ ಗವಸು ಹಾಕಿ, ಎರಡು ವಾರ, ದಿನಕ್ಕೆ ಹಲವು ಗಂಟೆ ಇನ್ನೊಂದು ಕೈಯಲ್ಲೇ ಕೆಲಸ ಮಾಡಿಸಿದರು. 222 ಜನರ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2006ರಲ್ಲಿ ಬಂತು. ಗವಸಿನ ಗುಂಪಿನವರ ಕೈ ಒಂದು ವರ್ಷದ ನಂತರವೂ ಮಾಮೂಲಿ ಆರೈಕೆ ಪಡೆದವರಿಗಿಂತ ಚೆನ್ನಾಗಿತ್ತು. ಮಣಿಕಟ್ಟು, ಬೆರಳುಗಳಲ್ಲಿ ಸ್ವಲ್ಪವಾದರೂ ಚಲನೆ ಉಳಿದವರಿಗಷ್ಟೇ ಇದು ಒಪ್ಪುತ್ತದೆ. ಮನೆಯಲ್ಲಿ ತಾವಾಗಿ ಮಾಡಿ ನೋಡಬೇಡಿ, ಚಿಕಿತ್ಸಕರ ಜೊತೆ ಮಾಡಬೇಕು.

ಮರೆವಿನ ವಿಷಯವೂ ಇಂಥದ್ದೇ. ಹೆನ್ರಿ ಮೊಲೈಸನ್ ಎಂಬುವರಿಗೆ 1953ರಲ್ಲಿ ಮೂರ್ಛೆರೋಗಕ್ಕಾಗಿ ಮಿದುಳಿನ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಹೊಸದೇನೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಮೊಲೈಸನ್ ಅವರಿಗೆ ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಗೆರೆ ತಿದ್ದಲು ಕೊಟ್ಟರು. ಮೂರು ದಿನದಲ್ಲಿ ಅವರ ಕೈ ಪಳಗಿತು. ಹಿಂದೆ ಇದನ್ನು ಮಾಡಿದ್ದೇ ಅವರಿಗೆ ನೆನಪಿರಲಿಲ್ಲ! ನೆನಪು ಒಂದೇ ಅಲ್ಲ, ಕೈಗೆ ಕೂತ ಅಭ್ಯಾಸದ ದಾರಿಯೇ ಬೇರೆ ಎಂದು ಹೀಗೆ ತಿಳಿಯಿತು. ನೆನಪು ಹೋದವರಿಗೆ ಫೋನು, ರಿಮೋಟು ಬಳಸಲು ಕಲಿಸುವಾಗ ಊಹೆ ಮಾಡಿಸಬಾರದು, 'ಹೇಳಿ ನೋಡೋಣ' ಅನ್ನಬಾರದು. ತಪ್ಪು ಮಾಡಿದರೆ ಆ ತಪ್ಪೇ ಅಭ್ಯಾಸವಾಗಿ ಕೂರುತ್ತದೆ. ಸರಿಯಾದ ಹೆಜ್ಜೆಯನ್ನೇ ಮತ್ತೆ ಮತ್ತೆ ಮಾಡಿಸಬೇಕು. ಅಂಥವರ ಫೋನಿನಲ್ಲಿ ಅಪ್‌ಡೇಟ್ ಬಂದು ಬಟನ್‌ಗಳ ಜಾಗ ಬದಲಾದರೆ ತಿಂಗಳುಗಟ್ಟಲೆ ಕಲಿತದ್ದು ಕೈಬಿಡುತ್ತದೆ. ಆಪ್ ಮಾಡುವವರು ಇಲ್ಲಿದ್ದರೆ ದಯವಿಟ್ಟು ಇದನ್ನು ಗಮನಿಸಿ.

ಆರ್ಗಸ್ ಕಥೆಯ ಉಳಿದ ಭಾಗ ಹೇಳುತ್ತೇನೆ ಅಂದಿದ್ದೆ. 2019ರ ಸುಮಾರಿಗೆ ಅದನ್ನು ತಯಾರಿಸುತ್ತಿದ್ದ ಕಂಪನಿ ಆ ಸಾಧನದಿಂದ ಕೈ ತೆಗೆಯಿತು. ಕಣ್ಣಿನೊಳಗೆ ಅದನ್ನು ಇಟ್ಟುಕೊಂಡ ನೂರಾರು ಜನರಿಗೆ ರಿಪೇರಿ ಇಲ್ಲ, ಬಿಡಿಭಾಗ ಇಲ್ಲ. ಕೆಟ್ಟರೆ ಕೆಟ್ಟಿತು, ತೆಗೆಸಬೇಕೆಂದರೆ ಇನ್ನೊಂದು ಶಸ್ತ್ರಚಿಕಿತ್ಸೆ. ಮನುಷ್ಯರ ದೇಹದೊಳಗೆ ಇಡುವ ಸಾಧನಕ್ಕೆ, ಅದನ್ನು ಮಾಡಿದ ಸಂಸ್ಥೆ ಮುಚ್ಚಿದರೂ ರಿಪೇರಿ ಸಿಗುವ ಏರ್ಪಾಡು ಅನುಮತಿ ಕೊಡುವಾಗಲೇ ಆಗಬೇಕು. ಇದರಲ್ಲಿ ರಾಜಿಗೆ ಜಾಗವೇ ಇಲ್ಲ ಎಂದು ನನಗೆ ಅನ್ನಿಸುತ್ತದೆ.

ಕೊನೆಯದಾಗಿ, ಬಳಸುವವರಿಗೆ ಏನು ಬೇಕು ಅಂತ ಕೇಳುವ ವಿಷಯ. ಬೆನ್ನುಹುರಿಗೆ ಪೆಟ್ಟು ಬಿದ್ದವರಿಗೆ ಏನು ಬೇಕು ಅಂತ ಕೇಳಿದರೆ ನಾವೆಲ್ಲ 'ನಡೆಯೋದು' ಅಂದುಬಿಡುತ್ತೇವೆ. ಕಿಮ್ ಆಂಡರ್ಸನ್ ಎಂಬ ವಿಜ್ಞಾನಿ, ತಾವೂ ಅಂಥ ಗಾಯದೊಂದಿಗೆ ಬದುಕುತ್ತಿರುವವರು, 681 ಜನರನ್ನು ಕೇಳಿ 2004ರಲ್ಲಿ ಉತ್ತರ ಪ್ರಕಟಿಸಿದರು. ಕೈಕಾಲು ಎರಡೂ ಹೋದವರು ಮೊದಲು ಕೇಳಿದ್ದು ಕೈಯನ್ನು. ಕಾಲು ಮಾತ್ರ ಹೋದವರು ಮೊದಲಿಗೆ ಹೇಳಿದ್ದು ಲೈಂಗಿಕ ಬದುಕನ್ನು. ಮಲಮೂತ್ರದ ಮೇಲಿನ ಹಿಡಿತ ಎರಡೂ ಗುಂಪಿನಲ್ಲಿ ಮೇಲಿನ ಸಾಲಿನಲ್ಲೇ ಇತ್ತು.

ಬ್ರಿಟನ್ನಿನ ವಿಜ್ಞಾನಿ ಜೈಲ್ಸ್ ಬ್ರಿಂಡ್ಲಿ 1960ರ ದಶಕದಲ್ಲಿ ಒಬ್ಬ ಕುರುಡ ಮಹಿಳೆಯ ಮಿದುಳಿನ ಮೇಲೆ 80 ಎಲೆಕ್ಟ್ರೋಡ್ ಇಟ್ಟು ಬೆಳಕಿನ ಚುಕ್ಕೆ ಕಾಣಿಸಿದ್ದರು. ಲೋಕವೆಲ್ಲ ಬೆರಗಾಯಿತು, ದಿನಬಳಕೆಗೆ ಮಾತ್ರ ಅದು ಬರಲಿಲ್ಲ. ಅದೇ ಬ್ರಿಂಡ್ಲಿ 1970ರ ದಶಕದಲ್ಲಿ ಮೂತ್ರಕೋಶದ ನರಕ್ಕೆ ಒಂದು ಸಾಧನ ಮಾಡಿದರು. ಅದರಲ್ಲಿ ಒಂದು ತೊಡಕು ಇತ್ತು. ಆ ನರಕ್ಕೆ ಮಿಡಿತ ಕೊಟ್ಟರೆ ಮೂತ್ರಕೋಶ ಬಿಗಿಯುತ್ತದೆ, ಜೊತೆಗೆ ಅದರ ಬಾಗಿಲನ್ನು ಮುಚ್ಚುವ ಸ್ನಾಯುವೂ ಬಿಗಿಯುತ್ತದೆ. ಹೊರಗೆ ಬರುವುದು ಹೇಗೆ? ಬಾಗಿಲಿನ ಸ್ನಾಯು ಬೇಗ ಸಡಿಲವಾಗುವ ಜಾತಿಯದು, ಮೂತ್ರಕೋಶದ್ದು ನಿಧಾನ. ಹಾಗಾಗಿ ಮಿಡಿತವನ್ನು ಬಿಟ್ಟು ಬಿಟ್ಟು ಕೊಟ್ಟರು. ನಡುವಿನ ಬಿಡುವಿನಲ್ಲಿ ಬಾಗಿಲು ಸಡಿಲವಾಗುತ್ತದೆ, ಮೂತ್ರಕೋಶ ಇನ್ನೂ ಒತ್ತುತ್ತಲೇ ಇರುತ್ತದೆ, ಮೂತ್ರ ಹೊರಗೆ ಬರುತ್ತದೆ. ಸಾವಿರಕ್ಕೂ ಹೆಚ್ಚು ಜನ ಇದನ್ನು ಹಾಕಿಸಿಕೊಂಡರು. ನಳಿಕೆಯ ಗೋಳು ತಪ್ಪಿತು, ಸೋಂಕು ಕಡಿಮೆಯಾಯಿತು, ಹೊರಗೆ ಹೊರಡುವ ಮುಂಚೆ ಹತ್ತು ಸಲ ಯೋಚಿಸುವುದು ನಿಂತಿತು.